ಕೋಟೆಬಾಗಿಲು ಮತ್ತು ಗಾಲಿಯ ಮನೆ: ರೋಟೆನ್‌ಬುರ್ಗ್ ನಗರದ ಚರಿತ್ರೆ

ಜರ್ಮನಿಯ ದಕ್ಷಿಣ ಭಾಗದಲ್ಲಿ, ಮೈನ್ ನದಿಯ ದಡದ ವ್ಯೂರ್ಟ್ಸ್‌ಬುರ್ಗ್ ನಗರದಿಂದ ಆಲ್ಪ್ಸ್ ಪರ್ವತಗಳ ಬುಡದಲ್ಲಿರುವ ಫ್ಯೂಸೆನ್ ಊರಿನವರೆಗೆ ಸುಮಾರು 460 ಕಿಲೋಮೀಟರ್ ಉದ್ದಕ್ಕೆ ಸಾಗುವ ಪ್ರವಾಸಿ ಮಾರ್ಗಕ್ಕೆ ‘ರೊಮ್ಯಾಂಟಿಕ್ ರಸ್ತೆ’ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಸೋತು ಕಂಗೆಟ್ಟಿದ್ದ ನಾಡಿಗೆ ಹೊರಗಿನ ಜನರನ್ನು ಮತ್ತೆ ಬರಮಾಡಿಕೊಳ್ಳುವ ಉದ್ದೇಶದಿಂದ ಈ ದಾರಿಯ ಪಟ್ಟಣಗಳು 1950ರಲ್ಲಿ ಒಂದುಗೂಡಿ, ಮೊದಲಿನಿಂದಲೂ ಇದ್ದ ಊರುದಾರಿಗಳನ್ನೇ ಒಂದು ಹೆಸರಿನಡಿ ಪೋಣಿಸಿದ್ದರಿಂದ ಈ ಮಾರ್ಗ ಹುಟ್ಟಿತು. ಇದರ ಉತ್ತರ ಭಾಗದಲ್ಲಿ, ಬವೇರಿಯಾ ರಾಜ್ಯದ ಫ್ರಾಂಕೋನಿಯಾ ಸೀಮೆಯಲ್ಲಿ, ಟೌಬರ್ ಎಂಬ ಚಿಕ್ಕ ನದಿ ಕೊರೆದ ಕಣಿವೆಯ ಅಂಚಿನ ಮೇಲೆ ರೋಟೆನ್‌ಬುರ್ಗ್ ಪಟ್ಟಣ ನಿಂತಿದೆ. ಮೂರು ಕಿಲೋಮೀಟರಿಗೂ ಉದ್ದವಾದ ಕೋಟೆಗೋಡೆ, ಅದರ ಮೇಲೆ ಸಾಲಾಗಿ ಎದ್ದ ನಲವತ್ತಕ್ಕೂ ಹೆಚ್ಚು ಗೋಪುರಗಳು ಮತ್ತು ಬಾಗಿಲುಗಳು, ಒಳಗೆ ಕಡಿದಾದ ಹೆಂಚಿನ ಮಾಡುಗಳ ಒತ್ತಾದ ಮನೆಸಾಲು: ಯುರೋಪಿನ ಮಧ್ಯಯುಗವೆಂದರೆ ಜನರ ಕಣ್ಣಮುಂದೆ ಬರುವ ಚಿತ್ರಕ್ಕೆ ಈ ಊರು ಬಹುಮಟ್ಟಿಗೆ ಮಾದರಿಯಾಗಿದೆ. ಕಾಲವು ಇಲ್ಲಿ ನಿಂತುಹೋಗಿದೆ ಎಂಬ ಮಾತನ್ನು ಪ್ರವಾಸಿ ಕೈಪಿಡಿಗಳು ಪದೇಪದೇ ಹೇಳುತ್ತವೆ. ಆದರೆ ಊರಿನ ಕಲ್ಲುಗಳನ್ನು ತಾಳ್ಮೆಯಿಂದ ನೋಡುತ್ತ ಹೋದರೆ ಕಾಲ ಇಲ್ಲಿ ಒಂದು ದಿನವೂ ನಿಂತದ್ದಿಲ್ಲವೆಂಬುದು, ಇಂದು ಕಾಣುವ ಮಧ್ಯಯುಗವು ಸುಮಾರು ಇನ್ನೂರೈವತ್ತು ವರ್ಷಗಳ ಬಡತನ ಮತ್ತು ಆಮೇಲಿನ ನೂರೈವತ್ತು ವರ್ಷಗಳ ಅಕ್ಕರೆಯ ದುಡಿಮೆ ಇವೆರಡೂ ಸೇರಿ ಉಳಿಸಿದ, ಕೆಲವೆಡೆ ಹೊಸದಾಗಿ ಕಟ್ಟಿದ ವಸ್ತುವೆಂಬುದು ಸ್ಪಷ್ಟವಾಗುತ್ತದೆ.

ಈ ಊರನ್ನು ನೋಡಲು ಬರುವವರಲ್ಲಿ ದೊಡ್ಡದೊಂದು ವರ್ಗ ಕ್ಯಾಂಪರ್‌ವ್ಯಾನಿನಲ್ಲಿ, ಅಂದರೆ ಮಲಗುವ ಹಾಸಿಗೆ, ಅಡುಗೆಯ ಒಲೆ, ನೀರಿನ ತೊಟ್ಟಿಗಳನ್ನೆಲ್ಲ ಒಡಲಲ್ಲಿಟ್ಟುಕೊಂಡ ವ್ಯಾನಿನಲ್ಲಿ ಬರುತ್ತದೆ. ಮೇಲ್ನೋಟಕ್ಕೆ ಈ ವಾಹನಕ್ಕೂ ಮಧ್ಯಯುಗದ ಪಟ್ಟಣಕ್ಕೂ ಯಾವ ನಂಟೂ ಇಲ್ಲವೆನಿಸಬಹುದು. ಆದರೆ ಅದರ ವಂಶವನ್ನು ಹುಡುಕುತ್ತ ಹೋದವರು ಕುದುರೆಗಾಡಿ ಕಟ್ಟುವವರ ಕಮ್ಮಟಕ್ಕೇ ಬಂದು ಸೇರುತ್ತಾರೆ. ಬ್ರಿಟನ್ನಿನ ನೌಕಾಪಡೆಯಲ್ಲಿ ವೈದ್ಯನಾಗಿದ್ದ, ಮುಂದೆ ಲೇಖಕನಾದ ಗಾರ್ಡನ್ ಸ್ಟೇಬಲ್ಸ್ ಎಂಬವನು 1885ರಲ್ಲಿ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯೊಂದರಲ್ಲಿ ಕುದುರೆ ಎಳೆಯುವ ಮನೆಯೊಂದನ್ನು ಮಾಡಿಸಿ, ಅದಕ್ಕೆ ‘ವಾಂಡರರ್’ ಎಂದು ಹೆಸರಿಟ್ಟು, ಕೇವಲ ವಿಹಾರಕ್ಕಾಗಿ ಸ್ಕಾಟ್ಲೆಂಡಿನ ತನಕ ಸಂಚರಿಸಿದನು. ಅದಕ್ಕೂ ಮೊದಲು ಗಾಲಿಯ ಮೇಲಿನ ಮನೆಗಳು ಅಲೆಮಾರಿ ಸಮುದಾಯಗಳಿಗೆ, ಸರ್ಕಸ್ಸಿನವರಿಗೆ, ಜಾತ್ರೆಯ ವ್ಯಾಪಾರಿಗಳಿಗೆ ಹೊಟ್ಟೆಪಾಡಿನ ಅಗತ್ಯವಾಗಿದ್ದವು. ಜರ್ಮನಿಯಲ್ಲಿ ಈ ಕಥೆ ಇನ್ನೂ ನೇರವಾಗಿ ಗಾಡಿಯ ಕಸುಬಿಗೆ ಅಂಟಿಕೊಂಡಿದೆ. ಆಲ್ಗಾಯ್ ಸೀಮೆಯ ಇಸ್ನಿ ಎಂಬ ಊರಿನಲ್ಲಿ ಗಾಡಿಕಾರರಿಗೆ ಚಾವಟಿ ಮಾಡಿ ಮಾರುವ ಮನೆತನದಲ್ಲಿ ಹುಟ್ಟಿದ ಆರಿಸ್ಟ್ ಡೆಟ್‌ಲೆಫ್ಸ್, ವ್ಯಾಪಾರಕ್ಕಾಗಿ ಊರೂರು ತಿರುಗುವಾಗ ಚಿತ್ರಕಾರ್ತಿಯಾದ ತನ್ನ ಭಾವೀ ಪತ್ನಿ ಫ್ರೀಡೆಲ್ ಎಡೆಲ್‌ಮನ್ ಕೂಡ ಜೊತೆಗೆ ಬಂದು ಚಿತ್ರ ಬರೆಯುವಂತಾಗಲಿ ಎಂದು 1931ರಲ್ಲಿ ಕಾರಿನ ಹಿಂದೆ ಎಳೆಯುವ ವಾಸದ ಗಾಡಿಯನ್ನು ರಚಿಸಿದನು. ವೆಸ್ಟ್‌ಫಾಲಿಯಾ ಪ್ರಾಂತ್ಯದ ವೀಡೆನ್‌ಬ್ರ್ಯುಕ್ ಊರಿನಲ್ಲಿ ಯೋಹಾನ್ ಬೆರ್ನ್‌ಹಾರ್ಡ್ ಕ್ನೋಬೆಲ್ 1844ರಲ್ಲಿ ತೆರೆದ ಕಮ್ಮಾರಸಾಲೆ ಕುದುರೆಗಾಡಿಗಳ ತಯಾರಿಕೆಯಲ್ಲಿ ಬೆಳೆದು, ‘ವೆಸ್ಟ್‌ಫಾಲಿಯಾ’ ಎಂಬ ಕಂಪನಿಯಾಗಿ, 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಕೂರಿಸಬಹುದಾದ ‘ಕ್ಯಾಂಪಿಂಗ್ ಬಾಕ್ಸ್’ ಎಂಬ ಮರದ ಪೀಠೋಪಕರಣದ ಪೆಟ್ಟಿಗೆಯನ್ನು ಹೊರತಂದಿತು. ವಾರದ ದಿನಗಳಲ್ಲಿ ಸರಕು ಸಾಗಿಸುವ ವ್ಯಾನು ರಜೆಯಲ್ಲಿ ಮನೆಯಾಗಬಹುದಾಗಿತ್ತು. ಆ ವ್ಯಾನಿನ ತಯಾರಿಕೆ ಆರಂಭವಾದದ್ದು 1950ರ ಮಾರ್ಚ್‌ನಲ್ಲಿ, ರೊಮ್ಯಾಂಟಿಕ್ ರಸ್ತೆ ಹುಟ್ಟಿದ ವರ್ಷದಲ್ಲೇ.

ಆದ್ದರಿಂದ ಇಂದು ರೋಟೆನ್‌ಬುರ್ಗ್‌ನ ಗೋಡೆಯ ಹೊರಗೆ ಬಂದು ನಿಲ್ಲುವ ವ್ಯಾನಿನ ಚಾಲಕನು ಆ ಊರಿಗೆ ಅಪರಿಚಿತ ಬಗೆಯ ಅತಿಥಿಯಲ್ಲ. ಗಾಲಿಯ ಮೇಲೆ ಬಂದವರನ್ನು ಹೇಗೆ ತಡೆಯಬೇಕು, ಎಲ್ಲಿ ನಿಲ್ಲಿಸಬೇಕು, ಎಷ್ಟು ವಸೂಲು ಮಾಡಬೇಕು ಎಂಬುದನ್ನು ಈ ಊರು ಏಳು ಶತಮಾನಗಳ ಹಿಂದಿನಿಂದ ಕರಾರುವಾಕ್ಕಾಗಿ ಯೋಚಿಸಿತ್ತು. ಸರಕಿನ ಗಾಡಿ ಊರಿನ ಹೆಬ್ಬಾಗಿಲನ್ನು ಮುಟ್ಟುವುದಕ್ಕೆ ಬಹಳ ಮೊದಲೇ ಅದಕ್ಕೆ ‘ಲಾಂಡ್‌ಹೇಗೆ’ ಎದುರಾಗುತ್ತಿತ್ತು. 1430ರಿಂದ ಮುಂದೆ ನಗರದ ಆಡಳಿತವು ತನ್ನ ಅಧೀನದ ಹಳ್ಳಿಗಳ ಸುತ್ತ ಕಂದಕ ತೋಡಿ, ಮಣ್ಣಿನ ಏರಿ ಹಾಕಿ, ಆ ಏರಿಗಳ ಮೇಲೆ ಮುಳ್ಳುಗಿಡಗಳನ್ನು ಒತ್ತಾಗಿ ಬೆಳೆಸಿ ನಿರ್ಮಿಸಿದ ಈ ಗಡಿಬೇಲಿಯನ್ನು ದಾಟಲು ಗಾಡಿಗಳಿಗೆ ನಿಗದಿಯಾದ ಕೆಲವೇ ಕಂಡಿಗಳಿದ್ದವು. ಅಲ್ಲಿ ಕಾವಲು ಗೋಪುರ, ಅಡ್ಡಮರ ಮತ್ತು ಸುಂಕದವರು ಇರುತ್ತಿದ್ದರು. ಅದನ್ನು ದಾಟಿ ಪೂರ್ವದ ದಿಕ್ಕಿನಿಂದ ಬಂದ ಗಾಡಿ ರ್‍ಯೋಡರ್ ಬಾಗಿಲಿನ ಹೊರ ಅಂಗಳದಲ್ಲಿ ಮತ್ತೆ ನಿಲ್ಲಬೇಕಾಗಿತ್ತು. ಸುಂಕದ ಮನೆ ಒಂದು ಪಕ್ಕ, ಕಾವಲಿನವರ ಮನೆ ಇನ್ನೊಂದು ಪಕ್ಕ ಇಂದಿಗೂ ಆ ಅಂಗಳದಲ್ಲಿ ಹಾಗೆಯೇ ನಿಂತಿವೆ. ಕತ್ತಲಾಗುತ್ತಲೇ ಬಾಗಿಲುಗಳು ಮುಚ್ಚುತ್ತಿದ್ದವು. ಪಶ್ಚಿಮದ ಬುರ್ಗ್ ಬಾಗಿಲಿನ ಭಾರೀ ಕದದಲ್ಲಿ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟೇ ಅಗಲದ ದಿಡ್ಡಿಬಾಗಿಲೊಂದಿದೆ; ತಡವಾಗಿ ಬಂದವನನ್ನು ಕಾವಲುಗಾರರು ಬಯಸಿದರೆ ಅದರಲ್ಲಿ ಒಬ್ಬೊಬ್ಬನಾಗಿ ಒಳಗೆ ಬಿಟ್ಟುಕೊಳ್ಳಬಹುದಾಗಿತ್ತು, ಇಡೀ ಕದ ತೆರೆದು ಶತ್ರುವಿನ ಗುಂಪಿಗೆ ಎಡೆಗೊಡುವ ಅಪಾಯವಿರುತ್ತಿರಲಿಲ್ಲ. ಗಾಡಿಗೆ ಮಾತ್ರ ಆ ದಾರಿಯೂ ಇರಲಿಲ್ಲ.

ಹಾಗೆ ಹೊರಗುಳಿದವರ ಗತಿ ಏನು ಎಂಬ ಪ್ರಶ್ನೆಗೆ ಉತ್ತರವಾಗಿ ದಕ್ಷಿಣದ ‘ಸ್ಪಿಟಾಲ್’ ಭಾಗ ನಿಂತಿದೆ. ಮಧ್ಯಯುಗದ ಸ್ಪಿಟಾಲ್ ಎಂದರೆ ಇಂದಿನ ಅರ್ಥದ ಆಸ್ಪತ್ರೆಗಿಂತ ವಿಶಾಲವಾದ ಧರ್ಮಸಂಸ್ಥೆ. ರೋಗಿಗಳ ಜೊತೆಗೆ ವೃದ್ಧರಿಗೆ, ನಿರ್ಗತಿಕರಿಗೆ, ಯಾತ್ರಿಕರಿಗೆ, ದಾರಿಹೋಕರಿಗೆ ಅದು ಅನ್ನ ಮತ್ತು ಮಲಗುವ ಜಾಗ ಕೊಡುತ್ತಿತ್ತು. ಪವಿತ್ರಾತ್ಮನ ಹೆಸರಿನ ಈ ಸ್ಪಿಟಾಲ್ 1280ರಲ್ಲಿ ಗೋಡೆಯ ಹೊರಗೆ ಸ್ಥಾಪನೆಯಾದದ್ದಕ್ಕೆ ಸ್ಪಷ್ಟ ಕಾರಣವಿತ್ತು: ರೋಗವೂ ಅಪರಿಚಿತರೂ ಊರೊಳಗೆ ರಾತ್ರಿ ಕಳೆಯುವುದನ್ನು ನಗರ ಇಷ್ಟಪಡುತ್ತಿರಲಿಲ್ಲ, ಆದರೆ ಅವರನ್ನು ಚಳಿಯಲ್ಲಿ ಸಾಯಲು ಬಿಡುವುದನ್ನು ಕ್ರೈಸ್ತ ಧರ್ಮ ಒಪ್ಪುತ್ತಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಗೋಡೆಯನ್ನು ದಕ್ಷಿಣಕ್ಕೆ ಉದ್ದವಾಗಿ ಚಾಚಿ ಸ್ಪಿಟಾಲ್ ಅನ್ನೂ ಒಳಗೆ ಸೇರಿಸಿಕೊಳ್ಳಲಾಯಿತು. ಅದರ ತುದಿಯಲ್ಲಿ ಆಮೇಲೆ ಎದ್ದ, ಎಂಟರ ಆಕಾರದಲ್ಲಿ ಎರಡು ದುಂಡನೆಯ ಅಂಗಳಗಳಿರುವ ದಪ್ಪ ಕೊತ್ತಲವು ಫಿರಂಗಿಯ ಯುಗದ ರಚನೆ; ಒಳಗೆ ಬರುವವರಿಗೆ ಶಾಂತಿಯನ್ನೂ ಹೊರಗೆ ಹೋಗುವವರಿಗೆ ಕ್ಷೇಮವನ್ನೂ ಕೋರುವ ಲ್ಯಾಟಿನ್ ಶಾಸನ ಅದರ ಬಾಗಿಲ ಮೇಲಿದೆ. ಅದೇ ಆವರಣದಲ್ಲಿ, ಮುತ್ತಿಗೆಯ ಕಾಲಕ್ಕೆ ಕಣಿವೆಯ ನೀರುಗಿರಣಿಗಳು ಕೈತಪ್ಪಿದರೂ ಹಿಟ್ಟಿಗೆ ಕೊರತೆಯಾಗದಿರಲೆಂದು 1516ರಲ್ಲಿ ಕಟ್ಟಿದ, ಹದಿನಾರು ಕುದುರೆಗಳು ತಿರುಗಿಸುತ್ತಿದ್ದ ಬೀಸುವ ಗಿರಣಿಯ ಕಟ್ಟಡ ಈಗ ಯುವ ಪ್ರವಾಸಿಗರ ವಸತಿಗೃಹವಾಗಿದೆ. ಕ್ಯಾಂಪರ್‌ವ್ಯಾನುಗಳಿಗೆ ನಗರಸಭೆ ಗೊತ್ತುಪಡಿಸಿದ ತಂಗುದಾಣಗಳಲ್ಲೊಂದು ಇದೇ ಸ್ಪಿಟಾಲ್ ಬಾಗಿಲಿನ ಹೊರಗಿನ ರಸ್ತೆಯ ಬದಿಗಿದೆ. ದಾರಿಹೋಕನ ರಾತ್ರಿಯ ನೆಲೆ ಗೋಡೆಯ ಹೊರಗೆ ಎಂಬ ಹಳೆಯ ತತ್ವ ಬದಲಾಗಿಲ್ಲ.

ಊರಿನ ಬೆಳವಣಿಗೆಯ ಕಥೆ ಕಣಿವೆಯಿಂದ ಆರಂಭವಾಗುತ್ತದೆ. ನದಿಯ ದಡದ ಡೆಟ್‌ವಾಂಗ್ ಹಳ್ಳಿಯ ಚರ್ಚು ಹತ್ತನೆಯ ಶತಮಾನದಲ್ಲಿ ಸ್ಥಾಪಿತವಾದದ್ದು. ಆಗ ಮೇಲಿನ ಬೆಟ್ಟದಲ್ಲಿ ನಗರವೆಂಬುದೇ ಇರಲಿಲ್ಲ. ಬೆಟ್ಟದ ಮೂಗಿನ ಮೇಲೆ ಕೋಟೆಮನೆ ಕಟ್ಟಿದ ಕೊಂಬುರ್ಗ್ ಮನೆತನದ ಕೌಂಟರು, ಎಂದರೆ ಪಾಳೆಯಗಾರರಂತಹ ಪ್ರಭುಗಳು, 1116ರಲ್ಲಿ ಸಂತಾನವಿಲ್ಲದೆ ಅಳಿದ ಮೇಲೆ ಆ ಆಸ್ತಿ ಚಕ್ರವರ್ತಿ ಐದನೆಯ ಹೈನ್ರಿಶ್‌ನ ಸೋದರಳಿಯ, ಹೊಹೆನ್‌ಸ್ಟೌಫೆನ್ ಮನೆತನದ ಕೊನ್ರಾಡ್‌ನಿಗೆ ಬಂತು. ಮುಂದೆ ಮೂರನೆಯ ಕೊನ್ರಾಡ್ ಎಂಬ ಹೆಸರಿನಲ್ಲಿ ರಾಜನಾದ ಅವನು 1142ರಲ್ಲಿ ಇಲ್ಲಿ ರಾಜಕೋಟೆಯನ್ನು ಕಟ್ಟಿಸಿದನು. ಆ ಕೋಟೆಯ ಹಿಂದೆ ಹುಟ್ಟಿದ ಪೇಟೆಯೇ ನಗರವಾಯಿತು. 1274ರಲ್ಲಿ ಹ್ಯಾಬ್ಸ್‌ಬರ್ಗ್ ವಂಶದ ರಾಜ ರುಡಾಲ್ಫ್ ಇದಕ್ಕೆ ‘ಸ್ವತಂತ್ರ ಸಾಮ್ರಾಜ್ಯ ನಗರ’ದ ಸನದು ಕೊಟ್ಟನು, ಇದರ ಅರ್ಥ, ನಗರವು ಸುತ್ತಲಿನ ಯಾವ ಡ್ಯೂಕನಿಗೂ ಬಿಷಪ್ಪನಿಗೂ ಅಧೀನವಾಗದೆ ನೇರವಾಗಿ ರಾಜನಿಗೆ ಮಾತ್ರ ಉತ್ತರ ಕೊಡಬೇಕಾಗಿತ್ತು, ತನ್ನ ಕಾನೂನು, ತೆರಿಗೆ ಮತ್ತು ಸೈನ್ಯವನ್ನು ತಾನೇ ನಡೆಸಿಕೊಳ್ಳಬಹುದಾಗಿತ್ತು. 1356ರ ಭೂಕಂಪದಲ್ಲಿ ರಾಜಕೋಟೆ ಉರುಳಿತು. ಅದರ ಕಲ್ಲುಗಳನ್ನು ನಗರದವರು ತಮ್ಮ ಗೋಡೆಗೆ ಬಳಸಿಕೊಂಡರು, ಉಳಿದ ಜಾಗ ಈಗ ಉದ್ಯಾನವಾಗಿದೆ. ರಾಜನ ಕಲ್ಲು ಪೌರರ ಗೋಡೆಯಾದ ಈ ಘಟನೆಯಲ್ಲಿ ಆ ಶತಮಾನದ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಸರಿಯಿತೆಂಬುದು ಕಾಣುತ್ತದೆ.

ಆ ಪೌರಶಕ್ತಿಯ ಉತ್ತುಂಗದಲ್ಲಿ ನಿಂತವನು ಹೈನ್ರಿಶ್ ಟೊಪ್ಲರ್. ಹದಿನಾಲ್ಕನೆಯ ಶತಮಾನದ ಕೊನೆಯ ದಶಕಗಳಲ್ಲಿ ಹಲವು ಸಲ ಮಹಾಪೌರನಾದ ಅವನ ಕಾಲದಲ್ಲಿ ನಗರವು ಸಾಲದಲ್ಲಿ ಮುಳುಗಿದ ಸುತ್ತಲಿನ ಜಮೀನುದಾರರಿಂದ ಹಳ್ಳಿಗಳನ್ನೂ ಕೋಟೆಗಳನ್ನೂ ಕೊಂಡುಕೊಳ್ಳುತ್ತ ಸುಮಾರು 400 ಚದರ ಕಿಲೋಮೀಟರಿನ ಸೀಮೆಗೆ ಒಡೆಯನಾಯಿತು. 1400ರ ಹೊತ್ತಿಗೆ ಸುಮಾರು 6,000 ಜನ ವಾಸಿಸುತ್ತಿದ್ದ ಈ ಊರು ಆ ಕಾಲದ ಜರ್ಮನ್ ನಾಡಿನಲ್ಲಿ ಗಣನೀಯ ನಗರ. ಟೊಪ್ಲರ್ 1388ರಲ್ಲಿ ಕಣಿವೆಯಲ್ಲಿ ಕಟ್ಟಿಸಿದ ಮನೆ ವಿಚಿತ್ರವಾಗಿದೆ: ಕೆಳಗೆ ಕಿಟಕಿಗಳೇ ವಿರಳವಾದ ಇಕ್ಕಟ್ಟಿನ ಕಲ್ಲುಗೋಪುರ, ಅದರ ತಲೆಯ ಮೇಲೆ ಗೋಪುರಕ್ಕಿಂತ ಅಗಲವಾಗಿ ಹೊರಚಾಚಿದ ಮರದ ಚೌಕಟ್ಟಿನ ಸುಖವಾದ ವಸತಿ. ಶ್ರೀಮಂತನೊಬ್ಬ ವಿಶ್ರಾಂತಿಯನ್ನು ಬಯಸಿದರೂ ಗೋಡೆಯ ಹೊರಗೆ ಎಷ್ಟು ಭಯದಿಂದ ಮಲಗುತ್ತಿದ್ದನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೆ ಅಪಾಯ ಬಂದದ್ದು ಗೋಡೆಯ ಒಳಗಿನಿಂದ. ನ್ಯೂರೆಂಬರ್ಗಿನ ಬುರ್ಗ್‌ಗ್ರಾಫ್, ಅಂದರೆ ಅಲ್ಲಿನ ಕೋಟೆಯ ಪ್ರಭು, ನಡೆಸಿದ ಯುದ್ಧದಲ್ಲಿ ನಗರಕ್ಕೆ ಹಿನ್ನಡೆಯಾದ ಬಳಿಕ, ಪದಚ್ಯುತ ರಾಜ ವೆಂಜೆಲ್‌ನೊಡನೆ ಸಂಬಂಧವಿರಿಸಿಕೊಂಡನೆಂಬ ಆರೋಪ ಹೊತ್ತ ಟೊಪ್ಲರ್‌ನನ್ನು ಅವನ ಸಹ ಸಭಾಸದರೇ ಬಂಧಿಸಿದರು. 1408ರಲ್ಲಿ ಪುರಭವನದ ನೆಲಮಾಳಿಗೆಯ ಸೆರೆಯಲ್ಲಿ ಅವನು ತೀರಿಕೊಂಡನು.

ನಗರದ ಹಣ ಎಲ್ಲಿ ಉಳಿಯಿತೆಂದು ನೋಡಬೇಕಾದರೆ ಸಂತ ಯಾಕೋಬನ ಚರ್ಚಿಗೆ ಹೋಗಬೇಕು. 1311ರಲ್ಲಿ ಆರಂಭವಾಗಿ 1484ರಲ್ಲಿ ಮುಗಿದ ಈ ಕಟ್ಟಡಕ್ಕೆ ಪಶ್ಚಿಮದಲ್ಲಿ ಜಾಗ ಸಾಲದಾಗ, ಬೀದಿಯನ್ನು ಮುಚ್ಚುವ ಬದಲು ಕಮಾನಿನ ಮೇಲೆ ಚರ್ಚನ್ನೇ ಬೀದಿಗೆ ಅಡ್ಡಲಾಗಿ ಚಾಚಿದರು. ಇಂದಿಗೂ ಜನ ಮತ್ತು ಗಾಡಿ ಅದರ ಅಡಿಯಲ್ಲಿ ಹಾಯುತ್ತವೆ. ಆ ಕಮಾನಿನ ಮೇಲಿನ ಅಂತಸ್ತಿನಲ್ಲಿ, ಕ್ರಿಸ್ತನ ರಕ್ತದ ಹನಿಯೆಂದು ಪೂಜೆಗೊಳ್ಳುತ್ತಿದ್ದ ಅವಶೇಷವನ್ನಿಡಲೆಂದು, ವ್ಯೂರ್ಟ್ಸ್‌ಬುರ್ಗಿನ ಶಿಲ್ಪಿ ಟಿಲ್‌ಮನ್ ರೀಮೆನ್‌ಷ್ನೈಡರ್ 1505ರ ಹೊತ್ತಿಗೆ ಲಿಂಡೆನ್ ಮರದಲ್ಲಿ ಕೆತ್ತಿ ಮುಗಿಸಿದ ಪೂಜಾಪೀಠವಿದೆ. ಆ ಕಾಲದ ವಾಡಿಕೆಯಾಗಿದ್ದ ಬಂಗಾರ ಮತ್ತು ಬಣ್ಣವನ್ನು ಬಳಿಯದೆ ಮರವನ್ನು ಮರವಾಗಿಯೇ ಬಿಟ್ಟು, ಹಿಂದಿನ ಪುಟ್ಟ ಗಾಜಿನ ಕಿಟಕಿಗಳಿಂದ ಒಳಬರುವ ಬೆಳಕು ಹೊತ್ತಿನಿಂದ ಹೊತ್ತಿಗೆ ಮುಖಗಳ ಮೇಲೆ ಸರಿಯುವಂತೆ ಅವನು ಅದನ್ನು ಯೋಜಿಸಿದನು. ಕ್ರಿಸ್ತನ ಕೊನೆಯ ಭೋಜನದ ದೃಶ್ಯದ ನಟ್ಟನಡುವೆ ನಿಂತವನು ಕ್ರಿಸ್ತನಲ್ಲ, ಅವನಿಗೆ ದ್ರೋಹ ಬಗೆಯಲಿರುವ ಯೂದ. ಹಣದ ಚೀಲ ಹಿಡಿದು, ಗುರು ನೀಡುವ ರೊಟ್ಟಿಯ ತುಣುಕಿನೆದುರು ತಡವರಿಸುವ ಆ ಮನುಷ್ಯನನ್ನು ನಡುವೆ ತಂದು ನಿಲ್ಲಿಸಲು ದೊಡ್ಡ ಕಲಾವಿದನ ಧೈರ್ಯವೇ ಬೇಕು. ಐರೋಪ್ಯ ಮರಗೆತ್ತನೆಯಲ್ಲಿ ಇದಕ್ಕೆ ಸಮನಾದ ಕೃತಿಗಳು ಕೆಲವೇ ಇವೆ. ಇಪ್ಪತ್ತು ವರ್ಷಗಳ ನಂತರ, 1525ರಲ್ಲಿ, ಜೀತ ಮತ್ತು ತೆರಿಗೆಯ ಭಾರಕ್ಕೆ ಎದುರಾಗಿ ರೈತರು ದಂಗೆಯೆದ್ದಾಗ ವ್ಯೂರ್ಟ್ಸ್‌ಬುರ್ಗ್ ನಗರಸಭೆಯ ಸದಸ್ಯನಾಗಿದ್ದ ಈ ಶಿಲ್ಪಿ ಬಿಷಪ್ಪನ ಪಕ್ಷ ಹಿಡಿಯಲೊಲ್ಲದೆ ಸೆರೆಮನೆ ಸೇರಿದನು. ರೋಟೆನ್‌ಬುರ್ಗ್ ಸಹ ರೈತರೊಡನೆ ಕೈಜೋಡಿಸಿ ಸೋತಿತು, ಅದರ ಮಾರುಕಟ್ಟೆ ಚೌಕದಲ್ಲಿ ದಂಗೆಕೋರರ ತಲೆಗಳು ಉರುಳಿದವು.

ಅದೇ ನಗರದ ಇನ್ನೊಂದು ಚರಿತ್ರೆಯನ್ನು ಪ್ರವಾಸಿ ನಕ್ಷೆಗಳು ಬಹುಕಾಲ ತೋರಿಸಲಿಲ್ಲ. ಹದಿಮೂರನೆಯ ಶತಮಾನದ ಯಹೂದಿ ಜಗತ್ತಿನಲ್ಲಿ ರೋಟೆನ್‌ಬುರ್ಗ್ ಎಂದರೆ ಒಬ್ಬ ಗುರುವಿನ ಹೆಸರು. ಧರ್ಮಶಾಸ್ತ್ರದ ಪ್ರಶ್ನೆಗಳಿಗೆ ರಬ್ಬಿ ಮೇಯಿರ್ ಬೆನ್ ಬಾರುಕ್ ಇಲ್ಲಿಂದ ಬರೆದು ಕಳುಹಿಸಿದ ತೀರ್ಪುಪತ್ರಗಳನ್ನು ದೂರದ ಸಮುದಾಯಗಳು ಪ್ರಮಾಣವೆಂದು ಸ್ವೀಕರಿಸುತ್ತಿದ್ದವು, ದೂರದೂರದ ವಿದ್ಯಾರ್ಥಿಗಳು ಅವನ ಮನೆಯಲ್ಲೇ ತಂಗಿ ಓದುತ್ತಿದ್ದರು. ಯಹೂದಿಗಳನ್ನು ರಾಜನ ಸ್ವಂತ ಆಸ್ತಿಯೆಂಬಂತೆ ಕಂಡು ತೆರಿಗೆ ಹೇರಿದ ಕಾಲದಲ್ಲಿ, 1286ರಲ್ಲಿ, ನಾಡನ್ನೇ ಬಿಟ್ಟು ಹೊರಟ ಈ ವೃದ್ಧನನ್ನು ಹಿಡಿದು ಸೆರೆಯಲ್ಲಿಟ್ಟವನು ನಗರಕ್ಕೆ ಸ್ವಾತಂತ್ರ್ಯದ ಸನದು ಕೊಟ್ಟ ಅದೇ ರಾಜ ರುಡಾಲ್ಫ್. ತನಗಾಗಿ ದುಬಾರಿ ಬಿಡುಗಡೆಯ ಹಣ ಕೊಟ್ಟರೆ ಮುಂದೆ ಪ್ರತಿಯೊಬ್ಬ ಗುರುವನ್ನೂ ಹೀಗೆಯೇ ಹಿಡಿದಿಡುತ್ತಾರೆಂದು ರಬ್ಬಿ ಅದನ್ನು ನಿರಾಕರಿಸಿದನೆಂದು ಪರಂಪರೆ ಹೇಳುತ್ತದೆ. ಅವನು 1293ರಲ್ಲಿ ಬಂಧನದಲ್ಲೇ ತೀರಿಕೊಂಡನು. ಅವನ ದೇಹವನ್ನು 1307ರಲ್ಲಿ ಭಕ್ತನೊಬ್ಬ ಹಣ ತೆತ್ತು ಬಿಡಿಸಿ ವೊರ್ಮ್ಸ್ ನಗರದಲ್ಲಿ ಹೂಳುವಂತೆ ಮಾಡಿದನು. 1298ರಲ್ಲಿ ‘ರಿಂಟ್‌ಫ್ಲೈಶ್’ ಎಂಬವನ ಮುಂದಾಳುತನದ ಗುಂಪು ಊರಿನ ಸುಮಾರು 450 ಯಹೂದಿಗಳನ್ನು ಕೊಂದಿತು. ಮತ್ತೆ ಬಂದು ನೆಲೆಸಿದವರ ಮೇಲೆ 1349ರಲ್ಲಿ ಪ್ಲೇಗ್‌ನ ಕಾಲದ ಹಿಂಸೆ ಎರಗಿತು; 1520ರಲ್ಲಿ ಎಲ್ಲರನ್ನೂ ಹೊರಹಾಕಲಾಯಿತು. ಅವರ ಸ್ಮಶಾನದ ಕಲ್ಲುಗಳು ಕಟ್ಟಡಗಳ ಗೋಡೆ ಸೇರಿದವು, ಸ್ಮಶಾನವಿದ್ದ ಜಾಗ ಷ್ರಾನೆನ್ ಚೌಕವೆಂಬ ಬಯಲಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಹೀಬ್ರೂ ಲಿಪಿಯ ಗೋರಿಗಲ್ಲುಗಳು ಹೊರಬಂದಾಗಲೇ ನಗರಕ್ಕೆ ಅದು ಮತ್ತೆ ನೆನಪಾದದ್ದು. 1400ರ ಆಸುಪಾಸಿನ ಮನೆಗಳು, ನೆಲಮಾಳಿಗೆಯಲ್ಲಿ ‘ಮಿಕ್ವೆ’ ಎಂಬ ವಿಧಿಸ್ನಾನದ ಕೊಳ ಇರುವ ಮನೆಯೂ ಸೇರಿದಂತೆ, ಯೂಡೆನ್‌ಗಾಸೆ ಎಂಬ ಬೀದಿಯಲ್ಲಿ ಇನ್ನೂ ಉಳಿದಿವೆ. ರೋಟೆನ್‌ಬುರ್ಗ್‌ಗೆ ಬರುವ ಪ್ರತಿಯೊಬ್ಬರೂ ಮಾರುಕಟ್ಟೆ ಚೌಕಕ್ಕಿಂತ ಮೊದಲು ಈ ಬೀದಿಯಲ್ಲಿ ನಡೆಯುವುದು ಯೋಗ್ಯ.

ನಗರದ ಏಳಿಗೆಗೆ ಪೂರ್ಣವಿರಾಮ ಹಾಕಿದ್ದು ಮೂವತ್ತು ವರ್ಷಗಳ ಯುದ್ಧ. ಕ್ಯಾಥೊಲಿಕ್ ಪಕ್ಷದ ಸೇನಾಪತಿ ಟಿಲ್ಲಿ, 1544ರಿಂದ ಪ್ರಾಟೆಸ್ಟೆಂಟ್ ಆಗಿದ್ದ ಈ ಊರನ್ನು 1631ರ ಅಕ್ಟೋಬರಿನಲ್ಲಿ ಹಿಡಿದನು. ಮಾಜಿ ಮಹಾಪೌರ ನುಶ್ ಮೂರೂಕಾಲು ಲೀಟರು ವೈನನ್ನು ಒಂದೇ ಉಸಿರಿಗೆ ಕುಡಿದು ಸೇನಾಪತಿಯ ಮನ ಒಲಿಸಿ ಊರನ್ನು ಉಳಿಸಿದನೆಂಬ ಕಥೆ ತುಂಬಾ ಈಚಿನದು. ಆ ಸೈನ್ಯಗಳು ನಿಜಕ್ಕೂ ಬಿಟ್ಟುಹೋದದ್ದು ಲೂಟಿಯಾದ ಕಣಜಗಳನ್ನು ಮತ್ತು ತೀರಿಸಲಾಗದ ಸಾಲವನ್ನು. ದೋಣಿ ಸಾಗದ ನದಿ, ಬೇರೆಡೆಗೆ ತಿರುಗಿದ ವ್ಯಾಪಾರದ ದಾರಿಗಳು, ಬೆಳೆಯದ ಕೈಗಾರಿಕೆ ಇವೆಲ್ಲ ಸೇರಿ ಊರು ಹಾಗೆಯೇ ಸೊರಗಿತು. 1802ರಲ್ಲಿ ಬವೇರಿಯಾ ಅದನ್ನು ವಶಪಡಿಸಿಕೊಂಡು ಸ್ವಾತಂತ್ರ್ಯವನ್ನು ಕೊನೆಗಾಣಿಸಿತು, 1810ರ ಗಡಿ ಒಪ್ಪಂದ ಅದರ ಹಳ್ಳಿಗಳ ಒಂದು ಪಾಲನ್ನು ನೆರೆಯ ವ್ಯುರ್ಟೆಂಬೆರ್ಗ್ ರಾಜ್ಯಕ್ಕೆ ಕೊಟ್ಟಿತು; ಸಂತೆಗೆ ಬರುತ್ತಿದ್ದ ರೈತನಿಗೆ ಊರು ಪರರಾಜ್ಯವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆಯುತ್ತಿದ್ದ ನಗರಗಳು ಅಗಲವಾದ ರಸ್ತೆ, ರೈಲು, ಕಾರ್ಖಾನೆಗಳಿಗಾಗಿ ತಮ್ಮ ಕೋಟೆಗಳನ್ನು ಕೆಡವಿಕೊಂಡವು. ರೋಟೆನ್‌ಬುರ್ಗ್‌ಗೆ ಹಾಗೆ ಬೆಳೆಯುವ ಒತ್ತಡವೂ ಇರಲಿಲ್ಲ, ಕೆಡವುವುದಕ್ಕೆ ಹಣವೂ ಇರಲಿಲ್ಲ. ಮುಖ್ಯ ರೈಲುಮಾರ್ಗ ದೂರದ ಷ್ಟೈನಾಕ್ ಮೂಲಕ ಹೋಯಿತು. ಅಲ್ಲಿಂದ ಒಂದು ಕವಲು ಊರಿಗೆ ಬರಲು 1873ರವರೆಗೆ ಕಾಯಬೇಕಾಯಿತು, ಅದರ ನಿಲ್ದಾಣವೂ ಗೋಡೆಯ ಹೊರಗೇ ಉಳಿಯಿತು.

ಆ ಬಡತನವನ್ನು ಮೊದಲು ಸೌಂದರ್ಯವೆಂದು ಕಂಡವರು ಚಿತ್ರಕಾರರು. ಲುಡ್ವಿಗ್ ರಿಕ್ಟರ್ ಮತ್ತು ಕಾರ್ಲ್ ಷ್ಪಿಟ್ಸ್‌ವೆಗ್ ಮೊದಲಾದವರು ಇಲ್ಲಿನ ಓಣಿಗಳನ್ನು ಚಿತ್ರಿಸಿದರು, ಬ್ರಿಟಿಷ್ ಚಿತ್ರಕಾರರು ಬಂದು ಬೇಸಿಗೆಗಳನ್ನು ಕಳೆದರು, ರೈಲು ಬಂದ ಮೇಲೆ ಅವರ ಚಿತ್ರಗಳನ್ನು ಕಂಡವರು ಬಂದರು. ಊರಿನವರೂ ಕೈಕಟ್ಟಿ ಕೂರಲಿಲ್ಲ. ಆಡಮ್ ಹ್ಯೋರ್ಬರ್ ಎಂಬ ಗಾಜಿನ ಕೆಲಸದ ಕುಶಲಕರ್ಮಿ ನುಶ್‌ನ ಕುಡಿತದ ಕಥೆಯನ್ನು ನಾಟಕವಾಗಿ ಬರೆದು 1881ರಲ್ಲಿ ಆಡಿಸಿದನು. ಊರಿನ ಜನರೇ ಪಾತ್ರಧಾರಿಗಳಾಗುವ ಆ ನಾಟಕ ಈಗಲೂ ಪೆಂತೆಕೋಸ್ತ್ ಹಬ್ಬದ ದಿನಗಳಲ್ಲಿ ನಡೆಯುತ್ತದೆ. 1898ರಲ್ಲಿ ಹುಟ್ಟಿದ ‘ಹಳೆಯ ರೋಟೆನ್‌ಬುರ್ಗ್ ಸಂಘ’ವು ಕಟ್ಟಡಗಳ ರಕ್ಷಣೆಯನ್ನು ಸಾರ್ವಜನಿಕ ಕೆಲಸವೆಂದು ಕೈಗೆತ್ತಿಕೊಂಡಿತು. ಈ ಅಕ್ಕರೆಗೆ ಕರಾಳವಾದ ಮುಂದುವರಿಕೆಯೂ ಇತ್ತೆಂಬುದನ್ನು ಮರೆಮಾಚಲಾಗದು. ನಾಜಿಗಳು ಈ ಊರನ್ನು ಪರಿಶುದ್ಧ ಜರ್ಮನ್ ನಗರದ ಮಾದರಿಯೆಂದು ಕೊಂಡಾಡಿದರು, ತಮ್ಮ ಕಾರ್ಮಿಕ ವಿಹಾರ ಸಂಸ್ಥೆಯ ಮೂಲಕ ಸಾವಿರಾರು ಜನರನ್ನು ಕರೆತಂದು ತೋರಿಸಿದರು, ಶತಮಾನಗಳ ಕಾಲ ಸುಂಕ ಕೇಳಿದ್ದ ಅದೇ ಬಾಗಿಲುಗಳಲ್ಲಿ ಯಹೂದಿಗಳನ್ನು ಹೀಯಾಳಿಸುವ ಮರದ ಫಲಕಗಳನ್ನು ಹಾಕಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮರಳಿ ನೆಲೆಸಿದ್ದ ಯಹೂದಿ ಕುಟುಂಬಗಳಲ್ಲಿ ಕೊನೆಯವರನ್ನು 1938ರ ಅಕ್ಟೋಬರ್ 22ರಂದು, ದೇಶದಾದ್ಯಂತ ಸಿನಗಾಗ್‌ಗಳು ಉರಿದ ನವೆಂಬರ್ ರಾತ್ರಿಗಿಂತ ಎರಡು ವಾರ ಮೊದಲೇ, ಊರಿನಿಂದ ಓಡಿಸಲಾಯಿತು.

1945ರ ಮಾರ್ಚ್ 31ರಂದು ಅಮೆರಿಕದ ಹದಿನಾರು ವಿಮಾನಗಳು, ಬೇರೊಂದು ಕಡೆಯ ತೈಲ ಸಂಗ್ರಹದ ಮೇಲೆ ಮಂಜು ಕವಿದದ್ದರಿಂದ, ಎರಡನೆಯ ಗುರಿಯಾಗಿ ರೋಟೆನ್‌ಬುರ್ಗ್ ಮೇಲೆ ಬಾಂಬು ಹಾಕಿದವು. ನಲವತ್ತರಷ್ಟು ಜನ ಸತ್ತರು. ಪೂರ್ವ ಭಾಗದ 306 ಮನೆಗಳು, ಒಂಬತ್ತು ಗೋಪುರಗಳು, ಆರುನೂರು ಮೀಟರಿಗೂ ಹೆಚ್ಚು ಉದ್ದದ ಗೋಡೆ ನೆಲಕಚ್ಚಿದವು. ಹಳೆಯ ಊರಿನ ಸುಮಾರು ಶೇಕಡಾ 40 ಭಾಗ ಹೋಯಿತು. ಏಪ್ರಿಲ್‌ನಲ್ಲಿ ಭೂಸೇನೆ ಹತ್ತಿರ ಬಂದಾಗ, ಅಮೆರಿಕದ ಯುದ್ಧ ಇಲಾಖೆಯ ಸಹಾಯಕ ಕಾರ್ಯದರ್ಶಿ ಜಾನ್ ಮೆಕ್ಲಾಯ್ ಜನರಲ್ ಜೇಕಬ್ ಡೆವರ್ಸ್‌ಗೆ ಫಿರಂಗಿ ಬಳಸದಂತೆ ಹೇಳಿದನು. ಮೆಕ್ಲಾಯ್‌ನ ತಾಯಿ ಹಿಂದೆ ಪ್ರವಾಸಕ್ಕೆ ಬಂದಾಗ ಕೊಂಡೊಯ್ದಿದ್ದ ಈ ಊರಿನ ಚಿತ್ರವನ್ನು ಅವನು ಬಾಲ್ಯದಿಂದ ಮನೆಯಲ್ಲಿ ಕಂಡಿದ್ದನು. ಗುಂಡಿನ ಕಾಳಗವಿಲ್ಲದೆ ಊರು ಶರಣಾಯಿತು. ಮತ್ತೆ ಕಟ್ಟುವಾಗ ಹಳೆಯ ಬೀದಿಗಳ ತಿರುವು, ಮನೆಗಳ ಅಗಲ, ಮಾಡಿನ ಇಳಿಜಾರನ್ನು ಹಾಗೆಯೇ ಉಳಿಸಿಕೊಂಡು, ಮುಖಗಳನ್ನು ಮಾತ್ರ ಸರಳವಾಗಿ ಹೊಸ ಗಾರೆಯಲ್ಲಿ ಮುಗಿಸಿದರು. ಇಲ್ಲದ ಹಳತನವನ್ನು ನಟಿಸದ ಈ ಸಂಯಮ ಪುನರ್ನಿರ್ಮಾಣದ ಕೆಲಸಗಳಲ್ಲಿ ಅಪರೂಪದ್ದು, ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ. ಗೋಡೆಗೆ ಹಣ ಬಂದದ್ದು ದಾನದಿಂದ. ಇಷ್ಟು ಮೀಟರು ಗೋಡೆಗೆ ಇಷ್ಟೆಂದು ಕೊಟ್ಟವರ ಹೆಸರುಗಳು ಕಲ್ಲಿನಲ್ಲಿ ಸಾಲಾಗಿ ಕಾಣುತ್ತವೆ. ಅಮೆರಿಕದ ಊರುಗಳ ಹೆಸರು, ಜಪಾನಿನ ಸಂಸ್ಥೆಗಳ ಹೆಸರು ಅವುಗಳಲ್ಲಿ ಬಹಳ. ಮೇಲಿನ ಮಾಡು ಹೊದಿಸಿದ ಕಾವಲು ದಾರಿಯಲ್ಲಿ ನಡೆಯುವವನು ಮಧ್ಯಯುಗದ ಕಲ್ಲಿನಿಂದ 1950ರ ದಶಕದ ಕಲ್ಲಿಗೆ ದಾಟುವುದನ್ನು ಈ ಹೆಸರುಗಳೇ ತಿಳಿಸುತ್ತವೆ.

ಕ್ಯಾಂಪರ್‌ವ್ಯಾನಿನ ಪ್ರವಾಸಿಗೆ ಇಂತಹ ಊರಿನಲ್ಲಿ ಒಂದು ಅನುಕೂಲವಿದೆ. ದಿನದ ಬಸ್ಸುಗಳಲ್ಲಿ ಬಂದವರು ಸಂಜೆಗೆ ಹೊರಟುಹೋಗುತ್ತಾರೆ, ಗೋಡೆಯ ಹೊರಗೆ ತಂಗಿದವನು ಮುಂಜಾನೆಯೂ ಕತ್ತಲಾದ ಮೇಲೂ ನಡೆದು ಒಳಗೆ ಹೋಗಬಲ್ಲನು. ಗಾಡಿಗಳ ಅಳತೆಗೆ ಕಟ್ಟಿದ ಕಮಾನುಗಳಲ್ಲಿ ಎತ್ತರದ ವ್ಯಾನುಗಳನ್ನು ತರುವ ಯೋಚನೆಯನ್ನೇ ಅವನು ಬಿಡಬೇಕು. ಗೋಡೆಯ ಪಕ್ಕದ ತಂಗುದಾಣಗಳಲ್ಲದೆ ಕೆಳಗೆ ಡೆಟ್‌ವಾಂಗ್‌ನಲ್ಲೂ ನದಿಯ ಬಳಿ ಬಿಡಾರದ ಮೈದಾನಗಳಿವೆ. ಅಲ್ಲಿಂದ ಏರುವ ಕಾಲುದಾರಿ ನಗರಕ್ಕಿಂತ ಹಳೆಯದಾದ ಆ ಚರ್ಚಿನ ಹತ್ತಿರ ಹಾಯುತ್ತದೆ. ಅದರೊಳಗೂ ರೀಮೆನ್‌ಷ್ನೈಡರ್ ಕೆತ್ತಿದ ಶಿಲುಬೆಯ ಪೂಜಾಪೀಠವೊಂದಿದೆ. ಮೇಲಿನ ಊರಿನ ಪ್ರಾರ್ಥನಾಮಂದಿರವೊಂದಕ್ಕಾಗಿ ಮಾಡಿದ್ದನ್ನು ಹದಿನೇಳನೆಯ ಶತಮಾನದಲ್ಲಿ ಇಲ್ಲಿಗೆ ತಂದಾಗ ಜಾಗ ಚಿಕ್ಕದಾದ್ದರಿಂದ ಪಕ್ಕಗಳನ್ನು ಕತ್ತರಿಸಿ ಕೂರಿಸಿದರು. ನದಿಯ ಜೊತೆಗೆ ಇನ್ನೂ ಇಪ್ಪತ್ತು ಕಿಲೋಮೀಟರಿನಷ್ಟು ಕೆಳಗೆ ಸಾಗಿದರೆ ಕ್ರೆಗ್ಲಿಂಗೆನ್ ಊರಿನ ಹೊರಗಿನ ಹೆರ್‌ಗಾಟ್ ಚರ್ಚಿನಲ್ಲಿ ಅದೇ ಶಿಲ್ಪಿಯ ಮರಿಯಮ್ಮನ ಪೂಜಾಪೀಠ ಸಿಗುತ್ತದೆ. ಪ್ರಾಟೆಸ್ಟೆಂಟ್ ಸುಧಾರಣೆಯ ನಂತರ ಅದರ ರೆಕ್ಕೆಬಾಗಿಲುಗಳನ್ನು ಮುಚ್ಚಿಬಿಟ್ಟಿದ್ದರು, ಒಳಗೆ ಏನಿದೆಯೆಂಬುದನ್ನೂ ಜನ ಮರೆತರು. ಸುಮಾರು ಮುನ್ನೂರು ವರ್ಷಗಳ ಮೇಲೆ, 1832ರಲ್ಲಿ, ಅದನ್ನು ಮತ್ತೆ ತೆರೆದಾಗ, ಸ್ವರ್ಗಕ್ಕೆ ಏರುವ ಮರಿಯಮ್ಮನ ಸುತ್ತ ನಿಂತ ಶಿಷ್ಯರ ಕೈಬೆರಳುಗಳೂ ಬಟ್ಟೆಯ ಮಡಿಕೆಗಳೂ ಉಳಿಯ ಗುರುತು ಮಾಸದಂತೆ ಉಳಿದಿದ್ದವು.